ಕಂಟೇನರ್ ಸೋಲಾರ್‌ಗೆ ಕೊಟೇಶನ್ ಕೇಳುವ ಮುನ್ನ

ರಸ್ತೆ ಕಾಮಗಾರಿಯ ಕ್ಯಾಂಪ್‌ಗಳಿಗೆ ವಿದ್ಯುತ್ ವ್ಯವಸ್ಥೆ ಮಾಡಿಕೊಡುವುದು ನನ್ನ ಕಸುಬು. ಈಚೆಗೆ ಗುತ್ತಿಗೆದಾರರು ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ, ‘ಕಂಟೇನರ್ ಸೋಲಾರ್ ಕಿಲೋವ್ಯಾಟ್‌ಗೆ ಎಷ್ಟು?’ ಪ್ಯಾನೆಲ್, ಬ್ಯಾಟರಿ ಎಲ್ಲ ಒಂದೇ ಕಂಟೇನರ್ ಪೆಟ್ಟಿಗೆಯಲ್ಲಿ ಸೈಟಿಗೆ ಬರುವ ಸೌರ ವಿದ್ಯುತ್ ಘಟಕ ಇದು. ದರದ ಮಾತು ಕೊನೆಗಿರಲಿ. ಮೊದಲು ಜನರೇಟರ್‌ನ ಡೀಸೆಲ್ ಲೆಕ್ಕದ ಪುಸ್ತಕ ತೆಗೆಯಿರಿ.

ಲೋಡ್ ಸರಿಯಾಗಿದ್ದರೆ ಒಂದು ಲೀಟರ್ ಡೀಸೆಲ್‌ಗೆ ಸುಮಾರು ಮೂರು ಯೂನಿಟ್ ಸಿಗುತ್ತದೆ. ನಾಲ್ಕು ಫ್ಯಾನು, ಒಂದು ಫ್ರಿಜ್ಜಿಗಾಗಿ ದೊಡ್ಡ ಸೆಟ್ಟು ರಾತ್ರಿಯಿಡೀ ಗುಡುಗುಡು ಎನ್ನುತ್ತಿದ್ದರೆ ಅಷ್ಟೂ ಇಲ್ಲ. ದಿನಕ್ಕೆ 60 ಯೂನಿಟ್ ಬಳಸುವ ಕ್ಯಾಂಪ್ ಎಂದಿಟ್ಟುಕೊಳ್ಳಿ. 20 ಲೀಟರ್ ಬೇಕು. ಲೀಟರ್‌ಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ 54,000. ಆಯಿಲ್, ಫಿಲ್ಟರ್, ಕತ್ತಲಲ್ಲಿ ಮಾಯವಾಗುವ ಡೀಸೆಲ್ ಬೇರೆ.

ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಹಾಗಾಗಿ ಆ 60 ಯೂನಿಟ್‌ಗೆ 15 ಕಿಲೋವ್ಯಾಟ್. ಧೂಳು, ಬ್ಯಾಟರಿಯ ನಷ್ಟ ಸೇರಿಸಿ 18 ಎನ್ನಿ.

ಈಗ ಮಾರಾಟಗಾರರ ಚಿತ್ರ ನೋಡಿ: ಚಾವಣಿಯ ಮೇಲೆ ಪ್ಯಾನೆಲ್, ಕೆಳಗೆ ನಗುವ ಎಂಜಿನಿಯರ್. 20 ಅಡಿ ಕಂಟೇನರ್‌ನ ನೆತ್ತಿ ಸುಮಾರು 15 ಚದರ ಮೀಟರ್. 550 ವ್ಯಾಟ್‌ನ ಒಂದು ಪ್ಯಾನೆಲ್‌ಗೆ ಹತ್ತಿರಹತ್ತಿರ 2.6 ಚದರ ಮೀಟರ್ ಬೇಕು. ಐದು ಕೂರುತ್ತವೆ, ಮೂರು ಕಿಲೋವ್ಯಾಟ್‌ಗೂ ಕಡಿಮೆ. ನಿಮಗೆ ಬೇಕಾದದ್ದು 33 ಪ್ಯಾನೆಲ್. ಅವು ಮಡಚಿ ಒಳಸೇರುವ ಚೌಕಟ್ಟಿನಲ್ಲಿ ಬರಬೇಕು, ಬಿಚ್ಚಿ ಹರಡಲು ನೆರಳಿಲ್ಲದ ಎರಡು ಗುಂಟೆಯಷ್ಟಾದರೂ ಸಮತಟ್ಟು ನೆಲ ಇರಬೇಕು. ಕ್ರಷರ್ ಪಕ್ಕದ ಜಾಗ ಬೇಡ.

ಈ ವ್ಯಾಪಾರ ಬೆಳೆಯಲು ಮುಖ್ಯ ಕಾರಣ ಬ್ಯಾಟರಿ. 2010ರಲ್ಲಿ ಲಿಥಿಯಂ ಬ್ಯಾಟರಿ ಪ್ಯಾಕ್ ಕಿಲೋವ್ಯಾಟ್-ಅವರ್‌ಗೆ, ಅಂದರೆ ಒಂದು ಯೂನಿಟ್ ಹಿಡಿಸುವಷ್ಟಕ್ಕೆ, ಸಾವಿರ ಡಾಲರ್ ದಾಟಿತ್ತು. 2024ರಲ್ಲಿ ಇಂಧನ ಸಂಶೋಧನಾ ಸಂಸ್ಥೆ ಬ್ಲೂಮ್‌ಬರ್ಗ್‌ಎನ್‌ಇಎಫ್ ಸಮೀಕ್ಷೆಯ ಜಾಗತಿಕ ಸರಾಸರಿ 115 ಡಾಲರ್. ಸೌರ ಸಾಧನಗಳ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ. ಆದರೆ ಬ್ಯಾಟರಿಗೆ, ಜೋಡಣೆಯ ಕೆಲಸಕ್ಕೆ ಎಷ್ಟು ತೆರಿಗೆ ಹಾಕಿದ್ದಾರೆಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಕೊಟೇಶನ್ 25 ಲಕ್ಷಕ್ಕೆ ಬಂತೆನ್ನಿ. ಮೋಡದ ದಿನಗಳಿಗೆ, ವೆಲ್ಡಿಂಗ್‌ಗೆ ಜನರೇಟರ್ ಇರಲೇಬೇಕು. ಐದರಲ್ಲಿ ಒಂದು ಪಾಲು ಡೀಸೆಲ್ ಅದಕ್ಕೆ ಬಿಟ್ಟರೆ ತಿಂಗಳ ಉಳಿತಾಯ 43,000. ಹಾಕಿದ ಹಣ ಮರಳಲು ಐದು ವರ್ಷಕ್ಕೆ ಸ್ವಲ್ಪ ಕಡಿಮೆ. ನಿಮ್ಮ ಕಾಮಗಾರಿ ಒಂದೂವರೆ ವರ್ಷದ್ದಾದರೆ ಪೆಟ್ಟಿಗೆ ಮೂರ್ನಾಲ್ಕು ಸೈಟ್ ಸುತ್ತಬೇಕು. ಪ್ರತಿ ಸಲವೂ ಟ್ರೈಲರ್, ಹೈಡ್ರಾ ಕ್ರೇನ್, ನೆಲದ ಮಟ್ಟ, ಹೊಸ ಅರ್ಥಿಂಗ್. ನಡುವೆ ಯಾರ್ಡ್‌ನಲ್ಲಿ ಖಾಲಿ ನಿಂತ ತಿಂಗಳಿಗೂ ಸಾಲದ ಬಡ್ಡಿ ಓಡುತ್ತದೆ. ಮುಂದಿನ ಕೆಲಸ ಕೈಯಲ್ಲಿಲ್ಲದಿದ್ದರೆ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಸಾಗಾಟ ಸೇರಿ ಬಾಡಿಗೆ ಆ 43,000 ಮೀರಬಾರದು, ಅಷ್ಟೇ.

ಸಹಿ ಹಾಕುವ ಮೊದಲು ಇನ್ನೊಂದು ಕೇಳಿ: ಬ್ಯಾಟರಿ ತಣ್ಣಗಿಡುವ ಎ.ಸಿ. ದಿನಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ? ರಾಯಚೂರಿನ ಏಪ್ರಿಲ್‌ನ ಲೆಕ್ಕ ಕೊಡಲಿ, ಬೆಂಗಳೂರಿನ ಡಿಸೆಂಬರ್‌ನದ್ದಲ್ಲ.