ಇನಿಟ್ ಪ್ಯಾಚ್‌ನಿಂದ ಒಂದು ಬೇಸ್ ಸೌಂಡ್ ಕಟ್ಟಿದ್ದು

ಪ್ರೀಸೆಟ್ (ರೆಡಿಮೇಡ್ ಸೌಂಡ್) ಹುಡುಕ್ತಾ ಕೂರೋದು ಬಿಟ್ಟು ಈಗ ನಾನು ಸಿಂಥಲ್ಲಿ (ಎಲೆಕ್ಟ್ರಾನಿಕ್ ಆಗಿ ಸೌಂಡ್ ಹುಟ್ಟಿಸೋ ವಾದ್ಯ) ಎಲ್ಲಾ ಸೌಂಡನ್ನೂ ಇನಿಟ್ ಪ್ಯಾಚಿಂದಲೇ, ಏನೂ ಸೆಟ್ ಮಾಡದ ಖಾಲಿ ಸೌಂಡಿಂದಲೇ, ಶುರು ಮಾಡ್ತೀನಿ, ಅಂದ್ರೆ ಸೌಂಡ್ ಹುಟ್ಟಿಸೋ ಆಸಿಲೇಟರ್ ಒಂದೇ, ಸೌಂಡಿನ ಭಾಗ ಕತ್ತರಿಸೋ ಫಿಲ್ಟರ್ ಪೂರ್ತಿ ಓಪನ್, ಎಫೆಕ್ಟ್ ಗಿಫೆಕ್ಟ್ ಏನೂ ಇಲ್ಲ. ಕೇಳಕ್ಕೆ ದೊಡ್ಡ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿರತ್ತೆ. ಅದ್ರಿಂದ ಒಂದು ಬೇಸ್ (ತಗ್ಗು ಸ್ವರದ ದಪ್ಪ ಸೌಂಡ್) ಹೇಗೆ ಮಾಡ್ದೆ ಅಂತ ಬರೀತಿದೀನಿ.

ಮೊದ್ಲು ಸಾಟೂತ್ ವೇವ್ (ಗರಗಸದ ಹಲ್ಲಿನ ಆಕಾರದ ಅಲೆ) ತಗೊಂಡೆ, ಯಾಕಂದ್ರೆ ಅದ್ರಲ್ಲಿ ಎಲ್ಲಾ ಹಾರ್ಮೋನಿಕ್ಸೂ (ಮೂಲ ಸ್ವರದ ಎರಡು, ಮೂರು ಪಟ್ಟಿನ ಸ್ವರಗಳು) ಇರತ್ತೆ, 110 ಹರ್ಟ್ಜ್ ನೋಟ್ ಒತ್ತಿದ್ರೆ ಜೊತೆಗೆ 220, 330, 440 ಹೀಗೆ ಬರ್ತಾನೇ ಇರತ್ತೆ, ಮೇಲೆ ಹೋದಷ್ಟೂ ಜೋರು ಕಮ್ಮಿ ಅಷ್ಟೇ. ಸ್ಕ್ವೇರ್ ವೇವಲ್ಲಿ 330, 550 ಅಂತ ಮೂರು, ಐದು ಹೀಗೆ ಬೆಸ ಪಟ್ಟಿನವು ಮಾತ್ರ, ಅದಕ್ಕೇ ಅದು ಟೊಳ್ಳಾಗಿ ಕೇಳತ್ತೆ. ಸೈನ್ ವೇವ್ ತಗೊಂಡ್ರಂತೂ ಮೂಲ ಸ್ವರ ಒಂದೇ ಇರತ್ತೆ, ಫಿಲ್ಟರ್‌ಗೆ ಕತ್ತರಿಸಕ್ಕೆ ಏನೂ ಸಿಗಲ್ಲ. ಎರಡನೇ ಆಸಿಲೇಟರೂ ಸಾಟೂತೇ, ಆದ್ರೆ 110.5ಕ್ಕೆ ಡೀಟ್ಯೂನ್ ಮಾಡಿದೀನಿ (ಶ್ರುತಿ ಸ್ವಲ್ಪ ಸರಿಸಿದೀನಿ), ಎರಡೂ ಸೇರಿದಾಗ ಎರಡು ಸೆಕೆಂಡಿಗೊಂದ್ಸಲ ನಿಧಾನಕ್ಕೆ ಉಬ್ಬಿ ಇಳಿಯತ್ತೆ, ಮೇಲಿನ ಹಾರ್ಮೋನಿಕ್ಸಲ್ಲಿ ಇದೇ ಬೀಟಿಂಗ್ ಇನ್ನೂ ಫಾಸ್ಟು.

ಆಮೇಲೆ ಲೋ ಪಾಸ್ ಫಿಲ್ಟರ್ (ಕೆಳಗಿನ ಸ್ವರ ಬಿಟ್ಟು ಮೇಲಿನವನ್ನ ಕತ್ತರಿಸೋದು), ಆಕ್ಟೇವ್‌ಗೆ 24 ಡಿಬಿದು, ಅಂದ್ರೆ ಫ್ರೀಕ್ವೆನ್ಸಿ ದುಪ್ಪಟ್ಟಾದಾಗೆಲ್ಲಾ ಜೋರು 24 ಡೆಸಿಬೆಲ್ ಇಳಿಯತ್ತೆ. 1970ರ ಮಿನಿಮೂಗ್ ಸಿಂಥಲ್ಲಿ ಇರೋ ಲ್ಯಾಡರ್ ಫಿಲ್ಟರೂ 24 ಡಿಬಿನೇ, ಬೇಸಿಗೆ ನಂಗೆ ಇದೇ ಇಷ್ಟ, 12 ಡಿಬಿ ಹಾಕಿದ್ರೆ ಮೇಲಿನ ಝರಝರ ಪೂರ್ತಿ ಹೋಗಲ್ಲ. ಕಟಾಫ್ (ಕತ್ತರಿಸಕ್ಕೆ ಶುರುವಾಗೋ ಜಾಗ) ಚೆನ್ನಾಗಿ ಇಳಿಸ್ದೆ, ಸೌಂಡ್ ಮಂಕಾಯ್ತು, ಆ ಜಾಗದ ಸ್ವರವನ್ನ ಎತ್ತಿ ಕೊಡೋ ರೆಸೊನೆನ್ಸ್ ಸ್ವಲ್ಪ ಕೊಟ್ಟೆ. ಜಾಸ್ತಿ ಕೊಟ್ರೆ ತುಂಬಾ ಫಿಲ್ಟರ್‌ಗಳಲ್ಲಿ ಕೆಳಗಿನ ದಪ್ಪ ಕರಗಿಹೋಗತ್ತೆ, ಇನ್ನೂ ಏರಿಸಿದ್ರೆ ಕೆಲವು ಫಿಲ್ಟರ್ ತಾನೇ ಶಿಳ್ಳೆ ಹೊಡಿಯಕ್ಕೆ ಶುರು ಮಾಡತ್ತೆ.

ಇಲ್ಲೀವರ್ಗೂ ಮಂಕು ಸೌಂಡೇ. ಜೀವ ಬಂದಿದ್ದು ಫಿಲ್ಟರ್ ಎನ್ವಲಪ್ ಹಾಕಿದ್ಮೇಲೆ, ಅಂದ್ರೆ ಕೀ ಒತ್ತಿದಾಗಿಂದ ಕಟಾಫ್ ಹೇಗೆ ಏರಿಳೀಬೇಕು ಅನ್ನೋ ಸೆಟ್ಟಿಂಗ್. ಅಟ್ಯಾಕ್ ಅಂದ್ರೆ ಏರೋ ಸಮಯ, ಡಿಕೇ ಅಂದ್ರೆ ಇಳಿಯೋ ಸಮಯ, ಸಸ್ಟೇನ್ ಅಂದ್ರೆ ಇಳಿದು ನಿಲ್ಲೋ ಮಟ್ಟ. ಅಟ್ಯಾಕ್ ಸೊನ್ನೆ, ಡಿಕೇ 250 ಮಿಲಿಸೆಕೆಂಡ್ ಹತ್ರ, ಸಸ್ಟೇನ್ ತೀರಾ ಕಮ್ಮಿ. ಕೀ ಒತ್ತಿದ ತಕ್ಷಣ ಫಿಲ್ಟರ್ ಬಾಯ್ಬಿಟ್ಟು ಮತ್ತೆ ಮುಚ್ಕೊಳ್ಳತ್ತೆ, "ಬಾವ್" ಅನ್ನತ್ತೆ. ಡಿಕೇನ 80ಕ್ಕೆ ಇಳಿಸಿದ್ರೆ ತಂತಿ ಮೀಟಿದಂಗೆ, ಅಟ್ಯಾಕ್ 100 ಮಾಡಿ ಸಸ್ಟೇನ್ ಏರಿಸಿದ್ರೆ ಬ್ರಾಸ್ ಸೆಕ್ಷನ್ ಕಡೆ ವಾಲತ್ತೆ, ಆಸಿಲೇಟರ್ ಮುಟ್ಟೇ ಇಲ್ಲ ನೋಡಿ. ಜನ ವೇವ್‌ಫಾರ್ಮ್ ಬದಲಾಯಿಸ್ತಾ ಗಂಟೆಗಟ್ಲೆ ಕೂರ್ತಾರೆ, ನನ್ನ ಕೇಳಿದ್ರೆ ಆ ಟೈಮನ್ನ ಈ ಡಿಕೇ ನಾಬ್ ಮೇಲೆ ಹಾಕಿ. ವೆಲಾಸಿಟಿನ (ಕೀ ಎಷ್ಟು ಜೋರಾಗಿ ಒತ್ತಿದ್ವಿ ಅನ್ನೋದು) ಎನ್ವಲಪ್ ಅಮೌಂಟ್‌ಗೆ ಕನೆಕ್ಟ್ ಮಾಡ್ಕೊಂಡೆ, ಈಗ ಜೋರಾಗಿ ಒತ್ತಿದ್ರೆ ಸೌಂಡ್ ಬ್ರೈಟೂ ಆಗತ್ತೆ.

ಎಲ್‌ಎಫ್‌ಓ (ಸೌಂಡನ್ನ ನಿಧಾನಕ್ಕೆ ಅಲುಗಿಸೋ ಆಸಿಲೇಟರ್) ಇದಕ್ಕೆ ಬೇಕಾಗ್ಲಿಲ್ಲ, ಡೀಟ್ಯೂನಿನ ಅಲುಗಾಟವೇ ಸಾಕಾಯ್ತು. ಕೀ ಟ್ರ್ಯಾಕಿಂಗ್ (ನೋಟ್ ಮೇಲೆ ಹೋದ ಹಾಗೆ ಕಟಾಫೂ ಏರೋದು) ಅರ್ಧ ಇಟ್ಟೆ, ಇಲ್ದಿದ್ರೆ ಮೇಲಿನ ನೋಟ್ಸ್ ಮಂಕಾಗತ್ತೆ. ಜೋರನ್ನ ನಡೆಸೋ ಆಂಪ್ ಎನ್ವಲಪಲ್ಲಿ ಸಸ್ಟೇನ್ ಫುಲ್, ರಿಲೀಸ್ (ಕೀ ಬಿಟ್ಮೇಲೆ ಸೌಂಡ್ ನಿಲ್ಲಕ್ಕೆ ತಗೊಳ್ಳೋ ಸಮಯ) ಮಾತ್ರ ಸೊನ್ನೆ ಬಿಡ್ಬೇಡಿ, ಕೀ ಬಿಟ್ಟಾಗ ಟಿಕ್ ಅಂತ ಕ್ಲಿಕ್ ಬರತ್ತೆ, 20 ಮಿಲಿಸೆಕೆಂಡ್ ಇಟ್ರೆ ಸಾಮಾನ್ಯವಾಗಿ ಹೋಗತ್ತೆ.