ಮೂವತ್ತಾರರಲ್ಲಿ ಮತ್ತೆ ಮೋಲ್ ಲೆಕ್ಕ: ಪಿಎ ಪ್ರವೇಶಕ್ಕಾಗಿ ರಸಾಯನಶಾಸ್ತ್ರ ಓದಿದ ನನ್ನ ಅನುಭವ

ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮುಗಿಸಿ, ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಮೂರು ವರ್ಷ ಪಾಠ ಹೇಳಿದ್ದ ನಾನು, ಮೂವತ್ತಾರನೆಯ ವಯಸ್ಸಿನಲ್ಲಿ ಟೆಕ್ಸಾಸ್‌ನ ಒಂದು ಕಮ್ಯುನಿಟಿ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕುಳಿತು, ವಸ್ತುವಿನ ಪ್ರಮಾಣವನ್ನು ಅಳೆಯುವ ಏಕಮಾನವಾದ ಮೋಲ್ ಎಂದರೇನು ಎಂಬಲ್ಲಿಂದ ರಸಾಯನಶಾಸ್ತ್ರವನ್ನು ಮತ್ತೆ ಆರಂಭಿಸಿದೆ. ಫೋನಿನಲ್ಲಿ ವಿಷಯ ತಿಳಿದ ಅಪ್ಪ, “ಅಂದ್ರೆ ಮತ್ತೆ ಪಿಯುಸಿ ಓದ್ತಿದ್ದೀಯೇನಮ್ಮಾ?” ಎಂದು ಕೇಳಿದರು. ಹೆಚ್ಚುಕಡಿಮೆ ಅದೇ ನಿಜವಾಗಿದ್ದರಿಂದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಫಿಸಿಷಿಯನ್ ಅಸಿಸ್ಟೆಂಟ್, ಅಂದರೆ ಪಿಎ, ಅಮೆರಿಕದಲ್ಲಿ ವೈದ್ಯರೊಂದಿಗೆ ಕೆಲಸ ಮಾಡುತ್ತಾ ರೋಗಿಯನ್ನು ಪರೀಕ್ಷಿಸಿ, ರೋಗವನ್ನು ಗುರುತಿಸಿ, ಔಷಧ ಬರೆದುಕೊಡುವ ವೃತ್ತಿ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 1965ರಲ್ಲಿ ನೌಕಾಪಡೆಯ ಮಾಜಿ ವೈದ್ಯಕೀಯ ಸಿಬ್ಬಂದಿಯನ್ನು ಸೇರಿಸಿಕೊಂಡು ಮೊದಲ ತರಗತಿ ಶುರುವಾಯಿತು. ಇಂದು ಇದು ಬಹುಪಾಲು ಸ್ನಾತಕೋತ್ತರ ಪದವಿ. ಪ್ರವೇಶಕ್ಕೆ ಮೊದಲೇ ಮುಗಿಸಿರಬೇಕಾದ ಪ್ರಿರಿಕ್ವಿಸಿಟ್ ಕೋರ್ಸ್‌ಗಳ ಪಟ್ಟಿಯಲ್ಲಿ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸಂಖ್ಯಾಶಾಸ್ತ್ರಗಳ ಜೊತೆಗೆ ರಸಾಯನಶಾಸ್ತ್ರವೂ ಇರುತ್ತದೆ. ಅದು ನನಗೆ ಅತ್ಯಂತ ಸುಲಭದ ಭಾಗವೆಂದು ನಾನು ಭಾವಿಸಿದ್ದೆ.

ತೊಡಕು ಬಂದದ್ದು ಅಂಕಪಟ್ಟಿಯಿಂದ. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಸಿಬಿಜೆಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ನಮ್ಮ ಅಂಕಪಟ್ಟಿಯಲ್ಲಿ ರಸಾಯನಶಾಸ್ತ್ರ ಒಂದು, ಎರಡು, ಮೂರು ಎಂದು ಸಾಲಾಗಿ ಬರೆದಿರುತ್ತದೆ. ಪ್ರತಿ ಪತ್ರಿಕೆಯೊಳಗೂ ಇನಾರ್ಗ್ಯಾನಿಕ್, ಆರ್ಗ್ಯಾನಿಕ್, ಫಿಸಿಕಲ್ ಮೂರೂ ಘಟಕಗಳು ಬೆರೆತಿರುತ್ತವೆ. ಅಮೆರಿಕದ ಪ್ರವೇಶ ಸಮಿತಿ ಹುಡುಕುವುದು ಬೇರೆಯದೇ ಸಾಲುಗಳನ್ನು: ಲ್ಯಾಬ್ ಸಹಿತ ಜನರಲ್ ಕೆಮಿಸ್ಟ್ರಿಯ ಎರಡು ಭಾಗ, ಲ್ಯಾಬ್ ಸಹಿತ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಕನಿಷ್ಠ ಒಂದು ಭಾಗ, ಅನೇಕ ಕಡೆ ಬಯೋಕೆಮಿಸ್ಟ್ರಿ. ವಿದೇಶಿ ಅಂಕಪಟ್ಟಿಗಳನ್ನು ಕೋರ್ಸ್‌ವಾರು ಮೌಲ್ಯಮಾಪನ ಮಾಡುವ ಸಂಸ್ಥೆಗೆ ಹಣ ಕಟ್ಟಿ ವರದಿ ತರಿಸಿದಾಗ ಅದರಲ್ಲೂ ಇದ್ದದ್ದು “ಕೆಮಿಸ್ಟ್ರಿ” ಎಂಬ ಒಂದೇ ಪದ, ಮುಂದೆ ಕ್ರೆಡಿಟ್‌ಗಳ ಸಂಖ್ಯೆ. ಆರ್ಗ್ಯಾನಿಕ್ ಎಲ್ಲಿದೆ ಎಂದು ಕೇಳಿದರೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಳೆಯ ಪಠ್ಯಕ್ರಮದ ಪ್ರತಿಯನ್ನು ಕಾಲೇಜಿನಿಂದ ಮೊಹರು ಹಾಕಿಸಿ ತರಿಸಿಕೊಂಡೆ. ಪಿಎ ಪದವಿ ಕಾರ್ಯಕ್ರಮವೊಂದರವರು ಅದನ್ನು ಓದಿ ಸಹಾನುಭೂತಿಯಿಂದಲೇ ಉತ್ತರಿಸಿದರು: ಪ್ರಿರಿಕ್ವಿಸಿಟ್‌ಗಳು ಅಮೆರಿಕದ ಮಾನ್ಯತೆ ಪಡೆದ ಸಂಸ್ಥೆಯಲ್ಲೇ ಆಗಿರಬೇಕು. ಇನ್ನೊಂದೆಡೆ ವಿದೇಶಿ ಕೋರ್ಸ್‌ಗಳಿಗೆ ಅವಕಾಶವಿದ್ದರೂ ವಿಜ್ಞಾನ ವಿಷಯಗಳು ಹತ್ತು ವರ್ಷದೊಳಗಿನವಾಗಿರಬೇಕಿತ್ತು. ನನ್ನವು ಆ ಗಡಿಯನ್ನು ಎಂದೋ ದಾಟಿದ್ದವು.

ವಾದ ಮಾಡುವುದನ್ನು ಅಲ್ಲಿಗೆ ನಿಲ್ಲಿಸಿ, ಅರ್ಜಿ ಹಾಕಬಹುದಾದ ಹದಿನಾಲ್ಕು ಕಾರ್ಯಕ್ರಮಗಳ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಆರ್ಗ್ಯಾನಿಕ್ ಒಂದು ಭಾಗ ಸಾಕೇ, ಎರಡು ಬೇಕೇ. ಎರಡನೆಯದರ ಬದಲು ಬಯೋಕೆಮಿಸ್ಟ್ರಿ ನಡೆಯುತ್ತದೆಯೇ. ಆನ್‌ಲೈನ್ ಲ್ಯಾಬ್ ಒಪ್ಪುತ್ತಾರೆಯೇ. ಕನಿಷ್ಠ ದರ್ಜೆ ಯಾವುದು. ಕೋರ್ಸ್‌ಗೆ ಎಷ್ಟು ವರ್ಷದ ಆಯುಷ್ಯ. ಒಂದೇ ಊರಿನ ಎರಡು ಕಾರ್ಯಕ್ರಮಗಳ ನಡುವೆಯೂ ಉತ್ತರಗಳು ಹೊಂದುತ್ತಿರಲಿಲ್ಲ. ಜನರಲ್ ಕೆಮಿಸ್ಟ್ರಿ ಎರಡು ಭಾಗ, ಆರ್ಗ್ಯಾನಿಕ್ ಒಂದು ಭಾಗ, ಬಯೋಕೆಮಿಸ್ಟ್ರಿ ಒಂದು: ಇಷ್ಟಿದ್ದರೆ ಹದಿನಾಲ್ಕರಲ್ಲಿ ಹನ್ನೊಂದಕ್ಕೆ ಅರ್ಹತೆ ಸಿಗುತ್ತದೆಂದು ಆ ಹಾಳೆಯಿಂದ ತಿಳಿಯಿತು. ಉಳಿದ ಮೂರಕ್ಕಾಗಿ ಮತ್ತೊಂದು ಸೆಮಿಸ್ಟರ್ ಕೊಡುವುದು ದಂಡವೆನಿಸಿ ಅವನ್ನು ಕೈಬಿಟ್ಟೆ.

ಕೋರ್ಸ್ ಆಯ್ಕೆಯಲ್ಲಿ ಒಂದು ಗುಂಡಿಯನ್ನು ಅದೃಷ್ಟದಿಂದ ತಪ್ಪಿಸಿಕೊಂಡೆ. ಟೆಕ್ಸಾಸ್‌ನ ಸಾರ್ವಜನಿಕ ಕಾಲೇಜುಗಳಲ್ಲಿ ಕೋರ್ಸ್ ಸಂಖ್ಯೆಯ ಮೊದಲ ಅಂಕಿ ವರ್ಷವನ್ನೂ ಎರಡನೆಯ ಅಂಕಿ ಕ್ರೆಡಿಟ್‌ಗಳನ್ನೂ ಸೂಚಿಸುತ್ತದೆ. 1406 ಮತ್ತು 1411 ಎರಡೂ ಮೊದಲ ವರ್ಷದ, ನಾಲ್ಕು ಕ್ರೆಡಿಟ್‌ನ, ಲ್ಯಾಬ್ ಇರುವ ಕೆಮಿಸ್ಟ್ರಿ ಕೋರ್ಸ್‌ಗಳೇ. ಆದರೆ 1406 ನರ್ಸಿಂಗ್‌ನಂಥ ಆರೋಗ್ಯ ವೃತ್ತಿಗಳಿಗೆ ಹೋಗುವವರಿಗಾಗಿ ರೂಪಿಸಿದ ಪರಿಚಯಾತ್ಮಕ ಪಾಠ. 1411 ವಿಜ್ಞಾನ ಪದವಿಯವರ ಪಾಠ. ಪಿಎ ಕೂಡ ಆರೋಗ್ಯ ವೃತ್ತಿಯೇ ಆದ್ದರಿಂದ ನಾನು 1406ಕ್ಕೆ ಹೆಸರು ನೋಂದಾಯಿಸಿಬಿಟ್ಟಿದ್ದೆ. ನನ್ನ ಹಾಳೆಯಲ್ಲಿದ್ದ “ಸೈನ್ಸ್ ಮೇಜರ್‌ಗಳ ಕೋರ್ಸ್ ಆಗಿರಬೇಕು” ಎಂಬ ಟಿಪ್ಪಣಿ ಕಣ್ಣಿಗೆ ಬೀಳದಿದ್ದರೆ ಒಂದು ಸೆಮಿಸ್ಟರ್ ಹಾಗೆಯೇ ಹೋಗುತ್ತಿತ್ತು.

ಜನರಲ್ ಕೆಮಿಸ್ಟ್ರಿ ತರಗತಿ ವಾರಕ್ಕೆ ಎರಡು ಸಂಜೆ ಇರುತ್ತಿತ್ತು. ಹಗಲು ಒಂದು ಕ್ಲಿನಿಕ್‌ನಲ್ಲಿ ಮೆಡಿಕಲ್ ಅಸಿಸ್ಟೆಂಟ್ ಕೆಲಸ. ವಿಷಯ ಹೊಸದಾಗಿರಲಿಲ್ಲ, ಆದರೆ ಬರೆಯುವ ಕ್ರಮ ಹೊಸದಾಗಿತ್ತು. ಸೂತ್ರವನ್ನು ನಿರೂಪಿಸಿ ಉತ್ತರ ಬರೆದು ಅಭ್ಯಾಸವಿದ್ದ ನನಗೆ ಇಲ್ಲಿ ಏಕಮಾನಗಳನ್ನು ಒಂದರ ಮೇಲೊಂದು ಹೊಡೆದುಹಾಕುತ್ತಾ ಸಾಗುವ ಲೆಕ್ಕ, ಸಾರ್ಥಕ ಅಂಕಿಗಳ ಬಗ್ಗೆ ಅತಿಯಾದ ಕಟ್ಟುನಿಟ್ಟು. ಮೊದಲ ಪರೀಕ್ಷೆಯಲ್ಲಿ ನನ್ನ ಉತ್ತರಗಳು ಸರಿಯಿದ್ದರೂ ಹೆಚ್ಚುವರಿ ದಶಮಾಂಶ ಬರೆದದ್ದಕ್ಕೆ ಅಂಕ ಕಡಿತವಾಯಿತು. ಎರಡನೆಯ ಭಾಗದಲ್ಲಿ ಬಫರ್, ಅಂದರೆ ಆಮ್ಲೀಯತೆ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣದ ಪಾಠ ಬಂದಾಗ ಮಾತ್ರ ಮೈಸೂರಿನಲ್ಲಿ ನಾನೇ ಎಷ್ಟೋ ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದ ಸಮೀಕರಣ ಬೇರೆ ರೀತಿಯಲ್ಲಿ ಕಂಡಿತು. ರಕ್ತದಲ್ಲಿ ಬೈಕಾರ್ಬೊನೇಟ್ 24, ಇಂಗಾಲದ ಡೈಆಕ್ಸೈಡ್‌ನ ಒತ್ತಡ 40 ಇದ್ದರೆ, 40ನ್ನು 0.03 ಎಂಬ ಸ್ಥಿರಾಂಕದಿಂದ ಗುಣಿಸಿದಾಗ 1.2, 24ನ್ನು 1.2ರಿಂದ ಭಾಗಿಸಿದರೆ 20. ಅದರ ಲಾಗ್ 1.3; ಅದಕ್ಕೆ 6.1 ಎಂಬ ಇನ್ನೊಂದು ಸ್ಥಿರಾಂಕ ಕೂಡಿಸಿದರೆ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 7.4. ಆ ವಾರವೇ ಕ್ಲಿನಿಕ್‌ನಲ್ಲಿ ಉಬ್ಬಸದ ಹಳೆಯ ರೋಗಿಯೊಬ್ಬರ ಆಸ್ಪತ್ರೆ ವರದಿಯಲ್ಲಿ ಇವೇ ಮೂರು ಅಳತೆಗಳನ್ನು ನೋಡಿದೆ. ಪಾಠ ಹೇಳುತ್ತಿದ್ದ ಮೂರು ವರ್ಷಗಳಲ್ಲಿ ಒಮ್ಮೆಯೂ ಆ ಲೆಕ್ಕದ ಹಿಂದೆ ಉಸಿರಾಡಲು ಒದ್ದಾಡುವ ಮನುಷ್ಯನನ್ನು ನಾನು ಕಲ್ಪಿಸಿಕೊಂಡಿರಲಿಲ್ಲ.

ಆರ್ಗ್ಯಾನಿಕ್‌ನಲ್ಲಿ ಎಡವಿದೆ, ಅದು ಪೂರ್ತಿ ನನ್ನದೇ ತಪ್ಪು. ಸಮಯ ಉಳಿಸುವ ಆಸೆಯಿಂದ ಬೇಸಿಗೆಯ ಐದು ವಾರದ ಕೋರ್ಸ್‌ಗೆ ಸೇರಿದೆ. ಹದಿನಾರು ವಾರಗಳ ಪಾಠವನ್ನು ಐದರಲ್ಲಿ ತುರುಕಿದಾಗ ದಿನಕ್ಕೊಂದು ಅಧ್ಯಾಯ, ವಾರಕ್ಕೊಂದು ಪರೀಕ್ಷೆ. ಕೆಲಸದ ಸಮಯವನ್ನೂ ನಾನು ಕಡಿಮೆ ಮಾಡಿಕೊಂಡಿರಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ 58 ಬಂದಾಗ ಮುಂದುವರಿಯಬೇಕೇ ಬಿಡಬೇಕೇ ಎಂಬ ಪ್ರಶ್ನೆ ಎದ್ದಿತು. ಪಿಎ ಅರ್ಜಿಗಳು ಹೋಗುವ ಕೇಂದ್ರೀಯ ವ್ಯವಸ್ಥೆಯಾದ ಕಾಸ್ಪಾ, ಒಂದೇ ಕೋರ್ಸನ್ನು ಎರಡು ಸಲ ಮಾಡಿದರೆ ಎರಡೂ ದರ್ಜೆಗಳನ್ನು ಜಿಪಿಎಗೆ, ಅಂದರೆ ದರ್ಜೆಗಳ ಸರಾಸರಿಗೆ, ಸೇರಿಸುತ್ತದೆ. ಹೊಸ ದರ್ಜೆ ಹಳೆಯದನ್ನು ಅಳಿಸುವುದಿಲ್ಲ. ಗಡುವಿನೊಳಗೆ ಕೋರ್ಸ್ ಬಿಟ್ಟರೆ ಬರುವ ಡಬ್ಲ್ಯೂ ಲೆಕ್ಕಕ್ಕೆ ಬರುವುದಿಲ್ಲ. ಗಡುವಿಗೆ ಎರಡು ದಿನವಿದ್ದಾಗ ಬಿಟ್ಟೆ, ಶುಲ್ಕ ಹೋಯಿತು. ಅದೇ ಕೋರ್ಸನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಹದಿನಾರು ವಾರ ಸಾವಧಾನವಾಗಿ ಓದಿ ಎ ಪಡೆದೆ. ಸಂದರ್ಶನದಲ್ಲಿ ಆ ಡಬ್ಲ್ಯೂ ಬಗ್ಗೆ ಕೇಳಿಯೇ ಕೇಳಿದರು.

ಬಯೋಕೆಮಿಸ್ಟ್ರಿ ಕಮ್ಯುನಿಟಿ ಕಾಲೇಜಿನಲ್ಲಿ ಇರಲಿಲ್ಲ. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಸೇರಲು ಆರ್ಗ್ಯಾನಿಕ್‌ನ ಎರಡನೆಯ ಭಾಗವೂ ಆಗಿರಬೇಕಿತ್ತು. ಪ್ರಿರಿಕ್ವಿಸಿಟ್‌ಗೇ ಒಂದು ಪ್ರಿರಿಕ್ವಿಸಿಟ್. ವಿಭಾಗದ ಪ್ರಾಧ್ಯಾಪಕರನ್ನು ಮುಖತಃ ಕಂಡು ನನ್ನ ಎಂ.ಎಸ್ಸಿ. ಅಂಕಪಟ್ಟಿ ತೋರಿಸಿದೆ. ಅವರು ಎರಡು ನಿಮಿಷ ನೋಡಿ, ನೀವು ಈ ಪಾಠವನ್ನು ಕಲಿಸಬಹುದಲ್ಲ ಎಂದು ನಕ್ಕು, ವಿಶೇಷ ಅನುಮತಿಗೆ ಸಹಿ ಹಾಕಿದರು. ಇಡೀ ಪ್ರಯಾಣದಲ್ಲಿ ಆ ಅಂಕಪಟ್ಟಿ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಅರ್ಜಿಯ ಋತು ಏಪ್ರಿಲ್ ಕೊನೆಯಲ್ಲಿ ತೆರೆಯುತ್ತದೆ, ಮತ್ತು ಅನೇಕ ಕಾರ್ಯಕ್ರಮಗಳು ಅರ್ಜಿ ಬಂದಂತೆಲ್ಲ ಸೀಟು ಹಂಚುತ್ತಾ ಹೋಗುವುದರಿಂದ ಬಯೋಕೆಮಿಸ್ಟ್ರಿ ಮುಗಿಯುವವರೆಗೆ ಕಾಯುವುದು ನನಗೆ ಸರಿಯೆನಿಸಲಿಲ್ಲ. ಅದನ್ನು ಮುಂದೆ ಮಾಡಲಿರುವ ಕೋರ್ಸ್ ಎಂದು ನಮೂದಿಸಿ ಜೂನ್‌ನಲ್ಲೇ ಅರ್ಜಿ ಸಲ್ಲಿಸಿದೆ. ಬಾಕಿ ಕೋರ್ಸ್‌ಗಳನ್ನು ಒಪ್ಪದ ಎರಡು ಕಾರ್ಯಕ್ರಮಗಳನ್ನು ಬಿಟ್ಟು ಒಂಬತ್ತು ಕಡೆಗೆ. ಎರಡು ಸಂದರ್ಶನಗಳು ಬಂದವು. ನವೆಂಬರ್‌ನಲ್ಲಿ ಒಂದು ಕಡೆಯಿಂದ ಬಂದ ಪತ್ರದಲ್ಲಿ ಸೀಟಿನ ಜೊತೆಗೆ ಒಂದು ಷರತ್ತಿತ್ತು: ಬಯೋಕೆಮಿಸ್ಟ್ರಿಯಲ್ಲಿ ಕನಿಷ್ಠ ಬಿ ಬಂದಿರಬೇಕು, ಅಧಿಕೃತ ಅಂಕಪಟ್ಟಿ ಜನವರಿಯೊಳಗೆ ತಲುಪಬೇಕು. ಡಿಸೆಂಬರ್ ಪರೀಕ್ಷೆಯ ಹಿಂದಿನ ರಾತ್ರಿ, ನಾನೇ ಒಂದು ಕಾಲದಲ್ಲಿ ಪ್ರಶ್ನೆಪತ್ರಿಕೆ ತಯಾರಿಸುತ್ತಿದ್ದ ಕಿಣ್ವಗಳ ವೇಗದ ಅಧ್ಯಾಯವನ್ನು ಮೂರು ಸಲ ಓದಿದೆ.