ಬಂದರಿನಲ್ಲಿ ಒಂದು ದಿನ: ಮಾಸ್ಟ್, ನೀರು, ಟೊಮೆಟೊ

ಹಾಯಿದೋಣಿ ಬಂದರು ಸೇರಿದರೆ ಇಳಿದು ಊರು ಸುತ್ತುವುದೇ ಕೆಲಸ ಅಂತ ನಮ್ಮ ಕೋಲಾರದ ಕಡೆ ಎಲ್ಲರೂ ಅಂದುಕೊಂಡಿದ್ದಾರೆ. ಸಂಜೆ ಐದರ ಮೇಲೆ ಹೊತ್ತು ಉಳಿದರೆ ಅದೂ ಉಂಟು. ಅದಕ್ಕೆ ಮೊದಲು ಸಂಪು ತುಂಬಿಸುವುದು, ಸಂತೆ ಮಾಡುವುದು, ಮನೆ ರಿಪೇರಿ ಎಲ್ಲ ಒಂದೇ ದಿನದಲ್ಲಿ ಆಗಬೇಕು. ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು 2017-18ರಲ್ಲಿ 'ತಾರಿಣಿ' ಅನ್ನುವ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ 254 ದಿನಗಳಲ್ಲಿ ಸಮುದ್ರದ ಮೇಲಿದ್ದದ್ದು 199 ದಿನ. ಮಿಕ್ಕ ದಿನಗಳು ಬಂದರಿನವು. ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಿಂತದ್ದಂತೂ ಸ್ಟೀರಿಂಗ್ ತೊಂದರೆಯಿಂದ, ಮೊದಲೇ ಗೊತ್ತುಮಾಡಿಕೊಂಡಿದ್ದ ನಿಲುಗಡೆಯಲ್ಲ.

ಇಲ್ಲಿ ಬರೆದಿರುವುದು 12 ಮೀಟರ್ ದೋಣಿ, ಮೂರು ಜನ, ಮುಂದೆ 21 ದಿನದ ದಾರಿ ಅನ್ನುವ ಲೆಕ್ಕ.

ಲಂಗರಿಗೆ ಎಷ್ಟು ಸರಪಳಿ ಬಿಡಬೇಕು ಅನ್ನುವುದನ್ನು ಕಣ್ಣಂದಾಜಿಗೆ ಬಿಡುವುದಿಲ್ಲ. ನೀರಿನ ಆಳ 6 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1.2, ಭರತಕ್ಕೆ ಇನ್ನು 1 ಮೀಟರ್, ಒಟ್ಟು 8.2. ಅದರ ಐದರಷ್ಟು, ಅಂದರೆ 41 ಮೀಟರ್ ಸರಪಳಿ. ಹಗ್ಗವಾದರೆ ಏಳರಷ್ಟು. ಕೊಚ್ಚಿಯಲ್ಲಿ ಭರತಕ್ಕೆ ಒಂದು ಮೀಟರ್ ಸೇರಿಸಿದರೆ ನಡೆಯುತ್ತದೆ. ಖಂಭಾತ್ ಕೊಲ್ಲಿಯಲ್ಲಿ ಅದು 10 ಮೀಟರ್ ದಾಟುವುದರಿಂದ ಇದೇ ಲೆಕ್ಕ ಹಿಡಿದರೆ ಲಂಗರು ಕಿತ್ತು ಬರುತ್ತದೆ. ಸರಪಳಿ ಬಿಟ್ಟಮೇಲೆ ಎಂಜಿನ್ ನಿಧಾನವಾಗಿ ಹಿಂದಕ್ಕೆ ಕೊಟ್ಟು, ದಡದ ಮೇಲೆ ಒಂದರ ಹಿಂದೆ ಒಂದು ಬರುವ ಎರಡು ಗುರುತು ನೋಡಿಕೊಳ್ಳಬೇಕು. ಕಂಬದ ಹಿಂದೆ ಇದ್ದ ಗೋಪುರ ಪಕ್ಕಕ್ಕೆ ಸರಿಯುತ್ತಲೇ ಹೋದರೆ ಲಂಗರು ಕಚ್ಚಿಲ್ಲ, ಎಳೆಯುತ್ತಿದೆ ಅಂತ ಅರ್ಥ. ಲಂಗರು ಹಾಕಿರುವ ಗುರುತಿಗೆ ಹಗಲು ಮುಂಭಾಗದಲ್ಲಿ ಒಂದು ಕಪ್ಪು ಚೆಂಡು, ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ.

ಬೇರೆ ದೇಶದ ಬಂದರಾದರೆ ಹಳದಿ ಬಾವುಟ ಏರಿಸಿ ಕಾಯಬೇಕು. ತಪಾಸಣೆ ಮುಗಿಯುವ ತನಕ ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ಇಳಿಯುವಂತಿಲ್ಲ. ಹಿಂದಿನ ಬಂದರು ಕೊಟ್ಟ ನಿರ್ಗಮನ ಪತ್ರ, ದೋಣಿಯ ನೋಂದಣಿ, ಪಾಸ್‌ಪೋರ್ಟ್‌ಗಳು, ಸಿಬ್ಬಂದಿ ಪಟ್ಟಿಯ ಆರು ಪ್ರತಿ, ಔಷಧಿಗಳ ಪಟ್ಟಿ ಒಂದೇ ಫೈಲಿನಲ್ಲಿ ಇಡುತ್ತೇನೆ. ದೋಣಿಯ ಹೆಸರಿನ ರಬ್ಬರ್ ಸ್ಟಾಂಪ್ ಮಾಡಿಸಿಕೊಳ್ಳಿ. ಅದಕ್ಕೆ ಕಾನೂನಿನ ಬೆಲೆ ಏನೂ ಇರಲಿಕ್ಕಿಲ್ಲ, ಆದರೂ ಠಸ್ಸೆ ಬಿದ್ದ ಕಾಗದ ಬೇಗ ಮುಂದಕ್ಕೆ ಹೋಗುತ್ತದೆ. ನಮ್ಮ ತಾಲ್ಲೂಕು ಕಚೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮೊಳೆಯಬಲ್ಲ ಕಾಳು, ತಾಜಾ ತರಕಾರಿಗಳನ್ನು, ನ್ಯೂಜಿಲೆಂಡ್‌ನಲ್ಲಿ ಜೇನುತುಪ್ಪವನ್ನೂ ಕಿತ್ತುಕೊಳ್ಳುತ್ತಾರೆ. ಮನೆಯಿಂದ ತಂದ ಹುರುಳಿ, ಅವರೆ ಮುಂಚಿನ ವಾರವೇ ಸಾರಾಗಿ ಮುಗಿದಿರಬೇಕು.

ಹೆಚ್ಚಿನವರು ಕೆಳಗಿಳಿದ ತಕ್ಷಣ ಬಟ್ಟೆ ಒಗೆಯಲು ಓಡುತ್ತಾರೆ. ನಾನು ಮೊದಲು ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಹತ್ತುವುದು. ಮೇಲೆ ಏನಾದರೂ ಸವೆದಿದ್ದರೆ ಬಿಡಿಭಾಗ ಹುಡುಕಲು ಇಡೀ ದಿನ ಬೇಕು. ಸಂಜೆ ನಾಲ್ಕಕ್ಕೆ ಕಂಡರೆ ಅಂಗಡಿ ಮುಚ್ಚಿರುತ್ತದೆ. ಬೆಳಗ್ಗೆ ಬೇಗ ಹತ್ತಿದರೆ ಗಾಳಿಯೂ ಕಡಿಮೆ, ಫೆರಿಗಳ ಅಲೆಯೂ ಕಡಿಮೆ. ಕೂತು ಮೇಲೇರುವ ಕುರ್ಚಿಗೆ ಹ್ಯಾಲ್ಯಾರ್ಡ್, ಅಂದರೆ ಹಾಯಿ ಮೇಲಕ್ಕೆಳೆಯುವ ಹಗ್ಗ, ಎರಡು ಬೇರೆ ಬೇರೆ ಕಟ್ಟಬೇಕು. ಕೊಂಡಿಗೆ ಸಿಕ್ಕಿಸುವುದಲ್ಲ, ಗಂಟೇ ಹಾಕುವುದು. ಒತ್ತಡ ಬದಲಾದಾಗ ಕೊಂಡಿ ಬಿಚ್ಚಿಕೊಳ್ಳಬಹುದು. ಮಾಸ್ಟನ್ನು ಬಿಗಿದು ನಿಲ್ಲಿಸುವ ಉಕ್ಕಿನ ತಂತಿಹಗ್ಗಗಳಲ್ಲಿ ಮೊದಲು ನೋಡಬೇಕಾದದ್ದು ಕೆಳತುದಿ, ಏಕೆಂದರೆ ಉಪ್ಪುನೀರು ಇಳಿದು ನಿಲ್ಲುವುದು ಅಲ್ಲೇ. ತಂತಿಯ ಸುತ್ತ ಟಿಶ್ಯೂ ಕಾಗದ ಹಿಡಿದು ಜಾರಿಸಿದರೆ ಮುರಿದ ಎಳೆ ಕಾಗದವನ್ನು ಕಚ್ಚುತ್ತದೆ. ಬರಿಗೈಯಲ್ಲಿ ಮಾಡಿದರೆ ಕೈಯನ್ನು ಕಚ್ಚುತ್ತದೆ. ಒಂದೇ ಎಳೆ ಹೋಗಿದ್ದರೂ ಆ ತಂತಿ ಬದಲಾಗಬೇಕು. ಹ್ಯಾಲ್ಯಾರ್ಡ್ ಸವೆಯುವುದು ರಾಟೆಯ ಮೇಲೆ ಕೂರುವ ಒಂದೇ ಜಾಗದಲ್ಲಿ. ತುದಿಯಿಂದ 30 ಸೆಂಟಿಮೀಟರ್ ಕತ್ತರಿಸಿ ಮತ್ತೆ ಕಟ್ಟಿದರೆ ಆ ಜಾಗ ಸರಿದು ಹಗ್ಗ ಇನ್ನೊಂದಷ್ಟು ದಿನ ಬಾಳುತ್ತದೆ. ಹಾಯಿಯ ಹರುಕಿಗೆ ಅಂಟುಪಟ್ಟಿ ಹಾಕುವ ಮುಂಚೆ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಪ್ಪಿನ ಮೇಲೆ ಅಂಟು ನಿಲ್ಲುವುದಿಲ್ಲ.

ಇನ್ನು ನೀರು. ಸದಾ ಹರಿಯುವ ನದಿ ಇಲ್ಲದ ಜಿಲ್ಲೆಯವರಿಗೆ ಇದು ಹೊಸ ವಿದ್ಯೆಯಲ್ಲ. ಕುಡಿಯಲು, ಅಡುಗೆಗೆ, ಮುಖ ತೊಳೆಯಲು ಸೇರಿ ತಲೆಗೆ ದಿನಕ್ಕೆ 4 ಲೀಟರ್. ಮೂವರಿಗೆ 21 ದಿನಕ್ಕೆ 252. ಗಾಳಿ ಸತ್ತು ದಾರಿ ಉದ್ದವಾದರೆ ಅಂತ ಅದರ ಅರ್ಧ ಸೇರಿಸಿದರೆ 378. ನಮ್ಮದು 150 ಲೀಟರಿನ ಎರಡು ಟ್ಯಾಂಕ್, 20 ಲೀಟರಿನ ಐದು ಕ್ಯಾನು; ಒಟ್ಟು 400. ಎರಡು ಟ್ಯಾಂಕಿನ ನೀರು ಒಂದಕ್ಕೊಂದು ಸೇರದಂತೆ ನಡುವಿನ ವಾಲ್ವ್ ಸದಾ ಮುಚ್ಚಿರಬೇಕು. ಬಂದರಿನ ನಲ್ಲಿಯ ನೀರನ್ನು ಮೊದಲು ಲೋಟದಲ್ಲಿ ಹಿಡಿದು ನೋಡಿ, ಮೂಸಿ, ಒಂದು ಗುಟುಕು ಕುಡಿದು, ಆಮೇಲೆ ಒಂದೇ ಟ್ಯಾಂಕಿಗೆ ಬಿಡುತ್ತೇನೆ. ಕೆಟ್ಟರೆ ಒಂದೇ ಕೆಡಲಿ. ದಡದವರ ಪೈಪು ಬಳಸುವುದಿಲ್ಲ. ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಪಾಚಿಗಟ್ಟಿರುತ್ತದೆ. ಶೇ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಸುವಾಸನೆ ಬೆರೆಸದ್ದು, 100 ಲೀಟರಿಗೆ 4 ಮಿಲಿ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ಅರ್ಧ ಗಂಟೆ ಬಿಟ್ಟು ಕುಡಿಯಬಹುದು.

ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವೂ ಇದೆಯಲ್ಲ ಅಂದರೆ, ಇದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬುತ್ತೀರಲ್ಲ, ಅದೇ ಆರ್‌ಒ. ಬೋರ್‌ವೆಲ್ ನೀರಿಗಿಂತ ಉಪ್ಪು ಎಷ್ಟೋ ಪಟ್ಟು, ಲೀಟರಿಗೆ ಸುಮಾರು 35 ಗ್ರಾಂ ಇರುವುದರಿಂದ ಇಲ್ಲಿ ಒತ್ತಡ 55 ಬಾರ್‌ನಷ್ಟು ಬೇಕು. ಬಂದರಿನೊಳಗೆ ಅದನ್ನು ನಡೆಸಬಾರದು, ನೀರಿನ ಮೇಲಿನ ಡೀಸೆಲ್ ಪೊರೆ ಉಪ್ಪು ಸೋಸುವ ಮೆಂಬ್ರೇನನ್ನು ಕೊಲ್ಲುತ್ತದೆ. ನಲ್ಲಿ ನೀರಿನಲ್ಲಿ ತೊಳೆದರೂ ಅಷ್ಟೇ, ಕ್ಲೋರಿನ್ ಕೊಲ್ಲುತ್ತದೆ. ಇದ್ದಿಲಿನ ಫಿಲ್ಟರ್ ದಾಟಿಸಿದ ನೀರಿನಲ್ಲಿ ಮಾತ್ರ ತೊಳೆಯಬೇಕು. ಯಂತ್ರ ಇದೆ ಅಂತ ಟ್ಯಾಂಕು ಅರ್ಧ ಬಿಟ್ಟು ಹೊರಡುವವರನ್ನು ಕಂಡರೆ ನನಗೆ ಟ್ಯಾಂಕರ್ ಬರುತ್ತದೆಂದು ಸಂಪು ತೊಳೆಯದೆ ಕೂರುವವರೇ ನೆನಪಾಗುತ್ತಾರೆ.

ಸಂತೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ದಡದಲ್ಲೇ ಬಿಟ್ಟುಬಿಡಿ. ರಟ್ಟಿನ ಮಡಿಕೆಯಲ್ಲಿ ಜಿರಲೆ ಮೊಟ್ಟೆ ಇರುತ್ತದೆ, ಒಮ್ಮೆ ದೋಣಿ ಹೊಕ್ಕರೆ ಬಿಡಿಸಲಾಗದು. ಟೊಮೆಟೊ ವಿಷಯದಲ್ಲಿ ನಮ್ಮ ಮಂಡಿಯ ಹಮಾಲರಿಗಿರುವಷ್ಟು ತಿಳಿವಳಿಕೆ ಬಹಳ ನಾವಿಕರಿಗಿಲ್ಲ. ಎಲ್ಲ ಹಣ್ಣನ್ನೇ ಕೊಂಡು ಐದನೇ ದಿನ ಸಮುದ್ರಕ್ಕೆಸೆಯುತ್ತಾರೆ. ನಾವು ಕೊಳ್ಳುವುದು ಹಣ್ಣು 1 ಕೆಜಿ, ದೋರಗಾಯಿ 2, ಬಲಿತ ಹಸಿರು ಕಾಯಿ 3. ಬಲಿತಿದೆಯೋ ಇಲ್ಲವೋ ನೋಡಲು ಒಂದನ್ನು ಅಡ್ಡ ಕೊಯ್ಯಿರಿ. ಬೀಜದ ಸುತ್ತ ಲೋಳೆ ತುಂಬಿ, ಬೀಜ ಚಾಕುವಿಗೆ ಸಿಕ್ಕದೆ ಜಾರಿದರೆ ಅದು ಹಣ್ಣಾಗುತ್ತದೆ. ಬೀಜ ತುಂಡಾದರೆ ಎಳೆಯದು, ಸುಕ್ಕುಗಟ್ಟುವುದೇ ಹೊರತು ಹಣ್ಣಾಗದು. ಹಸಿರು ಕಾಯನ್ನು ಫ್ರಿಜ್ಜಿನಲ್ಲಿ ಇಡಬಾರದು, 12 ಡಿಗ್ರಿಗಿಂತ ತಣ್ಣಗಾದರೆ ಹಣ್ಣಾಗುವ ಶಕ್ತಿ ಕುಂದುತ್ತದೆ. ಪತ್ರಿಕೆ ಹಾಸಿ ಒಂದೇ ಪದರ ಹರಡಿ. ಬಲೆಯಲ್ಲಿ ತೂಗುಹಾಕಿದರೆ ದೋಣಿ ಹೊಯ್ದಾಡಿದಷ್ಟು ಸಲವೂ ಗೋಡೆಗೆ ಬಡಿದು ಜಜ್ಜುತ್ತದೆ. ಕೋಸು ಹೊರ ಎಲೆ ಸಮೇತ ಕೊಳ್ಳಬೇಕು. ಮೊಟ್ಟೆ ಫ್ರಿಜ್ಜಿನಲ್ಲಿ ಇಡದ, ತೊಳೆಯದವೇ ಆಗಬೇಕು.

ರಾಗಿ ಮನೆಯಿಂದಲೇ ಹೋಗುತ್ತದೆ. ಬೀಸಿದ ಹಿಟ್ಟು ತಿಂಗಳೊಳಗೆ ಖಾಲಿಯಾಗಬೇಕು, ಇಲ್ಲವೆಂದರೆ ಆ ತೇವಕ್ಕೆ ಮುಗ್ಗಲು ಹಿಡಿಯುತ್ತದೆ. ಅದಕ್ಕಿಂತ ಬೆಲೆಬಾಳುವುದು ಅರಳು ಬೀಸಿದ ಹುರಿಹಿಟ್ಟು. ಬಿರುಗಾಳಿಯಲ್ಲಿ ಒಲೆ ಹಚ್ಚಲಾಗದ ದಿನ ಬೆಲ್ಲದ ನೀರಿಗೆ ಕಲಸಿದರೆ ಊಟ ಆಯಿತು. ಸಮುದ್ರದ ನಡುವೆ ಅನ್ನಕ್ಕೆ ಮೂರು ಲೋಟ ಸಿಹಿನೀರಿಗೆ ಒಂದು ಲೋಟ ಸಮುದ್ರದ ನೀರು ಹಾಕುತ್ತೇವೆ, ಬೇರೆ ಉಪ್ಪು ಬೇಡ. ಬಂದರಿನ ನೀರಿನಲ್ಲಿ ಇದನ್ನು ಮಾಡಲೇಬಾರದು, ಊರಿನ ಚರಂಡಿ ಬಂದು ಸೇರುವುದು ಅಲ್ಲಿಗೇ. ಮುದ್ದೆ ಮಾತ್ರ ಬಂದರಿನ ರಾತ್ರಿಗೆ ಮೀಸಲು. ಕೋಲು ಹಾಕಿ ತಿರುವಲು ಎರಡೂ ಕೈ ಬೇಕು, ಹೊಯ್ದಾಡುವ ಒಲೆಯ ಮುಂದೆ ಒಂದು ಕೈ ಯಾವಾಗಲೂ ಆಸರೆಗೆ ಬೇಕು.

ಡೀಸೆಲನ್ನು ನೀರು ತಡೆಯುವ ಜಾಲರಿಯ ಲಾಳಿಕೆಯಲ್ಲೇ ಸುರಿಯಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳಕ್ಕಿಳಿದು ಕಿಡಿಗೆ ಕಾಯುತ್ತದೆ. ಸಿಲಿಂಡರ್ ಇರುವ ಗೂಡಿನ ರಂಧ್ರ ಹೊರಕ್ಕೆ ತೆರೆದಿದೆಯೇ ನೋಡಿ. ಸಿಲಿಂಡರಿನ ಬಾಯಿ ದೇಶಕ್ಕೊಂದು ಥರ, ಜೋಡಣೆಯ ತುಂಡುಗಳು ಜೊತೆಗಿರಲಿ.

ಹೊರಡುವಾಗ ಲಂಗರಿನ ಸರಪಳಿ ಮೇಲೆ ಬರುತ್ತಿದ್ದಂತೆ ಮೀಟರ್ ಮೀಟರಿಗೂ ನಿಲ್ಲಿಸಿ ಬಕೆಟ್ಟು, ಬ್ರಷ್ಷಿನಲ್ಲಿ ಕೆಸರು ತೊಳೆಯಬೇಕು. ಆ ಕಪ್ಪು ಕೆಸರು ಸರಪಳಿ ಗೂಡಿಗೆ ಇಳಿದರೆ ಮೂರನೇ ದಿನದಿಂದ ಮುಂದಿನ ಬಂದರಿನ ತನಕ ಮುಂಭಾಗದ ಕೋಣೆಯಲ್ಲಿ ಯಾರೂ ಮಲಗಲಾರರು.